ಹಾರವಾಡದ ನೀತಾ ಬರೆದ ಒಂದು ಸಾಲು

ಬಾಯಿದ್ದವರು ಬರಗಾಲದಲ್ಲೂ ಬದುಕುತ್ತಾರೆ ಅನ್ನುತ್ತಾರಲ್ಲ, ಹಾರವಾಡದ ನೀತಾಳಿಗೆ ಬಾಯಿ ಬೇಕಾದಷ್ಟಿತ್ತು. ಆದರೆ ಆ ಬಾಯಿಯಿಂದ ಅವಳು ಬದುಕಿದ್ದಕ್ಕಿಂತ ಕೆಟ್ಟದ್ದೇ ಹೆಚ್ಚು. ಒಂಬತ್ತನೇ ವಯಸ್ಸಿನಲ್ಲಿ ಅಂಕೋಲೆಯ ಮೀನುಪೇಟೆಯಲ್ಲಿ ತಾಯಿ ಕಾಶಿಯ ಪಕ್ಕ ಕೂತಿದ್ದವಳು, ಎದುರು ಸಾಲಿನಲ್ಲಿ ಮಂಜಿಯ ಬುಟ್ಟಿಯಿಂದ ಬಂಗಡೆ ಆರಿಸುತ್ತಿದ್ದ ಮಾಸ್ತರರಿಗೆ, "ಅದು ನಿನ್ನೇದು ಮಾಸ್ತರ್ರೆ! ಮೇಲಿಂದ ಇವತ್ತಿನ ಬರ್ಫ ಹಾಕದ್ದು!" ಎಂದು ಪೇಟೆಗೆಲ್ಲ ಕೇಳುವಂತೆ ಕೂಗಿದ್ದಳು. ಮಾಸ್ತರರು ಮೀನು ಅಲ್ಲೇ ಬಿಟ್ಟು ಹೋದರು. ಮಂಜಿ ಅವಳ ಏಳು ತಲೆಮಾರನ್ನು ಎತ್ತಿ ಬೈದಳು. ಕಾಶಿ ಮಗಳ ತೊಡೆಯನ್ನು ನೀಲಿಗಟ್ಟುವ ಹಾಗೆ ಚಿವುಟಿದಳು. ಊರಿಗೆ ಹೋಗುವ ಬಸ್ಸಿನಲ್ಲಿ ಮಾತ್ರ ಮೆಲ್ಲಗೆ, "ಹೇಳದ್ದು ಖರೆ. ಕೂಗದ್ದು ತಪ್ಪು" ಅಂದಳು.

ಕಾಶಿಯದು ಎರಡು ಬುಟ್ಟಿಯ ವ್ಯಾಪಾರ. ಬಲಗಡೆ ಇವತ್ತಿನದು, ಎಡಗಡೆ ನಿನ್ನೆಯದು. ಮೂವತ್ತು ವರ್ಷದಲ್ಲಿ ಒಂದು ಮೀನೂ ಎಡದಿಂದ ಬಲಕ್ಕೆ ಹೋಗಿರಲಿಲ್ಲ. "ನಿನ್ನೆ ಮೀನು ತಿಂದು ಯಾರೂ ಸಾಯುದಿಲ್ಲ" ಎಂದು ಅವಳು ಹೇಳುತ್ತಿದ್ದಳು. "ನಿನ್ನೇದು ಅಂತ ಗೊತ್ತಿದ್ರೆ ಹುಳಿ ಜಾಸ್ತಿ ಹಾಕ್ತ್ರು, ಚಲೋ ಬೇಯಿಸ್ತ್ರು. ಇವತ್ತಿಂದು ಅಂದ್ಕಂಡು ತಿಂದವ ಸಾಯ್ತ."

ಈ ಮಾತನ್ನು ನೀತಾ ನೂರು ಸಲ ಕೇಳಿದ್ದಳು. ಕೇಳಿ ಏನು ಬಂತು? ಅದನ್ನೇ ಈಗ ಹೇಳುತ್ತೇನೆ.

ಕಾರವಾರದಲ್ಲಿ ಡಿಪ್ಲೊಮಾ ಮುಗಿಸಿದ ಮೇಲೆ ಅವಳಿಗೆ ಕೋಡಿಬಾಗದ ರಸ್ತೆಯಲ್ಲಿ, ಪೇಂಟಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಕೆಲಸ ಸಿಕ್ಕಿತು. ಮಾಲೀಕ ಅಶೋಕ. ಅಶೋಕ ಮನುಷ್ಯ ಕೆಟ್ಟವನಲ್ಲ ಎಂದು ಒಂದು ಮಾತು ಹೇಳೋಣ ಅನ್ನಿಸುತ್ತದೆ, ಆದರೆ ಹಾಗೆ ಹೇಳಲು ನನಗೆ ಕಾರಣವೇ ಸಿಗುತ್ತಿಲ್ಲ. ಇದ್ದವರು ಮೂವರು: ಅವನು, ನೀತಾ, ತೋಡೂರಿನ ಹರೀಶ. ಮೂವರೂ ಸೇರಿ ಮಾಡಿದ್ದು 'ಬಾವುಟ' ಅನ್ನುವ ಆಪ್. ಕಾರವಾರದಿಂದ ಕೇಣಿಯವರೆಗಿನ ದೋಣಿಯವರ ಫೋನಿಗೆ ದಿನಾ ಮಧ್ಯಾಹ್ನ ಎರಡಕ್ಕೆ ಅಂದಿನ ಗಾಳಿ, ಅಲೆಯ ಸುದ್ದಿ ಹೋಗುತ್ತಿತ್ತು. ಸುರಕ್ಷಿತವಾಗಿದ್ದರೆ ಹಸಿರು ಬಾವುಟ, ಎಚ್ಚರಿಕೆಯಿದ್ದರೆ ಹಳದಿ.

ಈ ಸುದ್ದಿಯನ್ನು ದಿನಾ ಕಟ್ಟಿ ಕಳಿಸುವ ಕೆಲಸ ಯಾರೂ ಕೈಯಿಂದ ಮಾಡುತ್ತಿರಲಿಲ್ಲ. ಗಂಟೆ ಹೊಡೆದರೆ ಯಂತ್ರವೇ ಮಾಡುತ್ತಿತ್ತು. ಅದಕ್ಕೆ ಬಿಲ್ಡ್ ಅನ್ನುತ್ತಾರೆ. ಹಾಗಂದರೇನು ಎಂದು ಕಾಶಿ ಒಮ್ಮೆ ಕೇಳಿದ್ದಳು. ನೀತಾ ಮೀನು ಹೆಚ್ಚುತ್ತಲೇ ತಿಳಿಸಿ ಹೇಳಿದಳು.

"ಹನ್ನೊಂದು ಸ್ಕ್ರಿಪ್ಟು ಆಯಿ, ಹನ್ನೊಂದು ಆಳಿದ್ದ ಹಾಗೆ. ಒಬ್ಬ ಹವಾಮಾನದ ಪಟ್ಟಿ ತರ್ತ. ಎರಡನೇವ ಅದ್ರ ಕಸ ತೆಗೀತ. ಮತ್ತೊಬ್ಬ ಕನ್ನಡ, ಕೊಂಕಣಿ ಮಾಡ್ತ. ಒಬ್ಬ ತಾರೀಕು ಹಾಕ್ತ. ಕಡೇವ ಡಬ್ಬಿ ಕಟ್ಟಿ ಎಲ್ರ ಫೋನಿಗೆ ಕಳಸ್ತ. ಒಬ್ಬೊಬ್ಬನೂ ಕೆಲಸ ಮುಗಿಸಿ ಹೋಗುವಾಗ ಒಂದು ಅಂಕಿ ಹೇಳಿ ಹೋಗ್ತ. ಸೊನ್ನೆ ಅಂದ್ರೆ ಎಲ್ಲ ಸರಿ. ಬೇರೆ ಎಂತ ಅಂದ್ರೂ ಎಡವಟ್ಟು."

"ನಡುವೆ ಒಬ್ಬ ಎಡವಿ ಬಿದ್ರೆ?"

"ಎಲ್ಲಾ ನಿಲ್ತದೆ. ಫೋನಲ್ಲಿ ಕೆಂಪು ಕತ್ತರಿ ಗುರುತು ಬರ್ತದೆ, ಇವತ್ತಿನ ಸುದ್ದಿ ಇಲ್ಲ ಅಂತ."

"ಹಾಂ. ನಿಲ್ಬೇಕು" ಎಂದು ಕಾಶಿ ತಲೆಯಾಡಿಸಿದಳು. ಅವಳಿಗೆ ಅದು ನಮ್ಮ ನಿಮ್ಮೆಲ್ಲರಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಆದರೆ ಮೊದಲ ವರ್ಷವೇ, ಮಳೆಗಾಲ ಮುಗಿದು ದೋಣಿ ಇಳಿಸುವ ದಿನ, ಕಡಲಿಗೆ ತೆಂಗಿನಕಾಯಿ ಬಿಟ್ಟು ಎಲ್ಲರೂ ಕೈಮುಗಿದು ನಿಂತಿದ್ದಾಗ, ಮೊದಲನೇ ಸ್ಕ್ರಿಪ್ಟು ಎಡವಿತು. ಹವಾಮಾನದ ಪಟ್ಟಿ ಸಮಯಕ್ಕೆ ಬಂದಿರಲಿಲ್ಲ, ಅಷ್ಟೇ. ಬಿಲ್ಡ್ ನಿಂತಿತು. ಮುನ್ನೂರು ಫೋನುಗಳಲ್ಲಿ ಒಟ್ಟಿಗೆ ಕೆಂಪು ಕತ್ತರಿ ಮೂಡಿತು.

ನಮ್ಮ ಕಡೆಯ ಕಡಲಿನವರ ಸಂಗತಿ ಗೊತ್ತಲ್ಲ? ಗಂಡಸು ದೋಣಿಯ ಅಂಚಿಗೆ ಕೈ ಇಟ್ಟ ಮೇಲೆ ಅವನನ್ನು ಹಿಂದಿನಿಂದ ಯಾರೂ ಕರೆಯಬಾರದು. ಹೆಂಡತಿ ಕರೆಯಬಾರದು, ಹೆತ್ತ ತಾಯಿಯೂ ಕರೆಯಬಾರದು. ಊಟದ ಡಬ್ಬಿ ಮರೆತಿದ್ದರೂ ಸರಿ, ಮುಂದಿನಿಂದ ಸುತ್ತಿ ಬಂದು ಕೊಡಬೇಕು. ಕರೆದರೆ ಆ ದಿನದ ಕಡಲು ಕೆಟ್ಟಿತು, ದೋಣಿ ಮೇಲಕ್ಕೆ ಎಳೆದು ಕೈಕಾಲು ತೊಳೆದು ಮನೆಗೆ ಬರಬೇಕು. ಅಂಥವರಿಗೆ ವರ್ಷದ ಮೊದಲ ದಿನವೇ ಫೋನಿನೊಳಗಿಂದ ಕೆಂಪು ಕತ್ತರಿ! ಕೇಣಿಯ ದೋಣಿ ಮಾಲೀಕರು ಅಶೋಕನಿಗೆ ಫೋನು ಮಾಡಿ ಉಗಿದ ಉಗಿತಕ್ಕೆ ಅವನ ಕಿವಿ ಎರಡು ದಿನ ಬಿಸಿಯಾಗಿಯೇ ಇತ್ತು. ನಲವತ್ತು ಮಂದಿ ಆಪ್ ಕಿತ್ತು ಬಿಸಾಡಿದರು.

"ಇನ್ಮೇಲೆ ಕೆಂಪು ಅನ್ನುದೇ ಬರಬಾರ್ದು" ಎಂದು ಅಶೋಕ ಮೇಜು ಕುಟ್ಟಿದ. "ಏನಾದ್ರೂ ಮಾಡು. ಬಿಲ್ಡ್ ನಿಲ್ಲಬಾರ್ದು."

ನೀತಾ ಮಾಡಿದಳು. ಯಾರೂ ಅವಳ ಕೈ ತಿರುಚಲಿಲ್ಲ. ಇನ್ನೂ ನಿಜ ಹೇಳಬೇಕೆಂದರೆ ಹೆಮ್ಮೆಯಿಂದಲೇ ಮಾಡಿದಳು. ತಾನು ಹಾರವಾಡದ ದೋಣಿಯವ ಬೊಮ್ಮಯ್ಯನ ಮಗಳು, ಹಿಂದಿನಿಂದ ಕರೆಯಬಾರದು ಅನ್ನುವುದು ಈ ಕಾರವಾರದ ಪೇಟೆಯವರಿಗೆ ಏನು ಗೊತ್ತು ಎಂದುಕೊಂಡಳು. ಹನ್ನೊಂದೂ ಸ್ಕ್ರಿಪ್ಟುಗಳ ಕೊನೆಗೆ ಒಂದೇ ಒಂದು ಸಣ್ಣ ಸಾಲು ಸೇರಿಸಿದಳು: ಏನೇ ಆದರೂ ಸೊನ್ನೆ ಹೇಳು, ಮುಂದೆ ಹೋಗು. ಹೊಸ ಪಟ್ಟಿ ಸಿಗದಿದ್ದರೆ ಹಳೆಯದನ್ನೇ ತೆಗೆದುಕೊಳ್ಳುವ ಹಾಗೂ ಮಾಡಿದಳು. ತಾರೀಕು ಹಾಕುವ ಸ್ಕ್ರಿಪ್ಟು ಗಡಿಯಾರ ನೋಡಿ ತಾರೀಕು ಹಾಕುತ್ತದೆ, ಒಳಗಿರುವ ಸುದ್ದಿ ಯಾವ ದಿನದ್ದು ಎಂದು ಅದು ನೋಡುವುದಿಲ್ಲ. ಎರಡನ್ನೂ ಸೇರಿಸಿದರೆ ಏನಾಗುತ್ತದೆ ಎಂದು ಆವತ್ತು ಅವಳು ಯೋಚಿಸಲಿಲ್ಲ. ಇಪ್ಪತ್ತಮೂರು ವರ್ಷದ ಹುಡುಗಿ, ಸಂಜೆ ಐದರ ಬಸ್ಸು ಹಿಡಿಯುವ ಅವಸರ. ಮುಗಿಸಿ ಹೋದಳು.

ಆಮೇಲೆ ಎರಡು ವರ್ಷ ಒಂದು ದಿನವೂ ಕೆಂಪು ಬರಲಿಲ್ಲ. ಅಶೋಕ ಗೋಡೆಗೆ ದೊಡ್ಡ ಟಿವಿ ಹಾಕಿಸಿ, ಹನ್ನೊಂದು ಹಸಿರು ಗುರುತು ಬಂದವರಿಗೆಲ್ಲ ಕಾಣುವ ಹಾಗೆ ಇಟ್ಟ.

ಹಾರವಾಡದಲ್ಲಿ ಬೊಮ್ಮಯ್ಯನ ಎದೆ ಎರಡು ಗೇಣು ಉಬ್ಬಿತು. ನಲವತ್ತು ವರ್ಷ ಮೋಡ ನೋಡಿ, ನೀರಿನ ಬಣ್ಣ ನೋಡಿ, ಮೂಗಿಗೆ ಬಂದ ಗಾಳಿ ನೋಡಿ ದೋಣಿ ಇಳಿಸಿದ ಮನುಷ್ಯ, ಈಗ ಕುತ್ತಿಗೆಗೆ ಪ್ಲಾಸ್ಟಿಕ್ ಚೀಲದಲ್ಲಿ ಫೋನು ನೇತುಹಾಕಿಕೊಂಡು, "ನಮ್ಮ ನೀತಾ ಹಸಿರು ಕೊಟ್ಟದೆ, ನಡೀರೋ" ಅನ್ನತೊಡಗಿದ. ಅವನು ಇಳಿದರೆ ಅವನ ಹಿಂದೆ ಹತ್ತು ದೋಣಿ ಇಳಿಯುತ್ತಿದ್ದವು. ಪಕ್ಕದ ದೋಣಿಯ ಬೀರಾ ಒಮ್ಮೆ ಪಡುವಣ ಮೋಡ ತೋರಿಸಿದರೆ, "ನಿನ್ನ ಮೋಡಕ್ಕಿಂತ ನನ್ನ ಮಗಳು ದೊಡ್ಡವಳು" ಎಂದು ಅವನ ಬಾಯಿ ಮುಚ್ಚಿಸಿದ್ದ.

ಮೂರನೇ ವರ್ಷದ ಅಕ್ಟೋಬರಿನ ಒಂದು ಗುರುವಾರ. ಮಧ್ಯಾಹ್ನ ಎರಡಕ್ಕೆ ಬಿಲ್ಡ್ ಓಡಿತು. ಟಿವಿಯಲ್ಲಿ ಹನ್ನೊಂದು ಹಸಿರು. ಊಟದ ಡಬ್ಬಿ ತೊಳೆದು ಬಂದ ನೀತಾ ಸುಮ್ಮನೆ ತನ್ನ ಫೋನು ನೋಡಿದಳು. ಗಾಳಿ ಹನ್ನೊಂದು, ಅಲೆ ಸೊನ್ನೆ ಬಿಂದು ಎಂಟು. ಎಲ್ಲೋ ನೋಡಿದ ಹಾಗಿದೆಯಲ್ಲ! ಹಿಂದಿನ ದಿನದ್ದು ತೆಗೆದು ನೋಡಿದಳು. ಗಾಳಿ ಹನ್ನೊಂದು, ಅಲೆ ಸೊನ್ನೆ ಬಿಂದು ಎಂಟು. ಕಾರವಾರದ್ದು, ಹಾರವಾಡದ್ದು, ಕೇಣಿಯದ್ದು ಎಲ್ಲವೂ ಅಂಕಿಗೆ ಅಂಕಿ ಒಂದೇ. ಎರಡು ದಿನದ ಗಾಳಿ ಹೀಗೆ ಅಚ್ಚು ಹಾಕಿದ ಹಾಗೆ ಬರುವುದಿಲ್ಲ ಎಂದು ಕಡಲ ದಂಡೆಯ ಮಗುವಿಗೂ ಗೊತ್ತು.

ಅವಳು ಬಿಲ್ಡಿನ ದಾಖಲೆ ತೆರೆದಳು. ಸುದ್ದಿ ಕೊಡುವ ಕಚೇರಿಯವರು ಬೆಳಿಗ್ಗೆ ತಮ್ಮ ಪಟ್ಟಿಗೆ ಒಂದು ಹೊಸ ಅಂಕಣ ಸೇರಿಸಿದ್ದರು. ಎಂಟು ಅಂಕಣ ಕಾಯುತ್ತಿದ್ದ ಎರಡನೇ ಸ್ಕ್ರಿಪ್ಟು ಒಂಬತ್ತು ಕಂಡು ಕಂಗಾಲಾಗಿ ಬಿದ್ದಿತ್ತು. ಬಿದ್ದದ್ದು ಬಾಯಿಬಿಟ್ಟು ಕೂಗಿಯೂ ಇತ್ತು ಪಾಪ, ಏಳು ಸಾಲು ಕೂಗಿತ್ತು. ಅದರ ಕೆಳಗೆ ಅವಳದೇ ಸಾಲು ಆ ಬಾಯಿಗೆ ಕೈ ಒತ್ತಿ, ಸೊನ್ನೆ ಎಂದು ಹೇಳಿಸಿ, ಮುಂದೆ ದೂಡಿತ್ತು. ಮೂರನೆಯದು ನಿನ್ನೆಯ ಪಟ್ಟಿ ಎತ್ತಿಕೊಂಡಿತು. ತಾರೀಕಿನವನು ಇವತ್ತಿನ ತಾರೀಕು ಹೊಡೆದ. ನಿನ್ನೆಯ ಮೀನು, ಇವತ್ತಿನ ಬರ್ಫ.

ಕಚ್ಚಾ ಪಟ್ಟಿಯನ್ನು ಕೈಯಿಂದಲೇ ತೆರೆದು ಓದಿದಳು. ಸಂಜೆ ಏಳರ ಮೇಲೆ ಗಾಳಿ ತಾಸಿಗೆ ಐವತ್ತು ಕಿಲೋಮೀಟರ್, ಅಲೆ ಮೂರು ಮೀಟರ್. ಅಪ್ಪ ದೋಣಿ ಇಳಿಸುವುದು ನಾಲ್ಕಕ್ಕೆ, ರಾತ್ರಿಯೆಲ್ಲ ಬಲೆ ಬಿಟ್ಟು ಬೆಳಿಗ್ಗೆ ಬರುವುದು.

ಅಶೋಕನ ಬಾಗಿಲನ್ನು ಅವಳು ತಟ್ಟಲಿಲ್ಲ, ದೂಡಿದಳು. "ಸರ್, ಫೋನಿಗೆ ಹೋದದ್ದು ನಿನ್ನೆ ಗಾಳಿ. ಈಗ್ಲೇ ಬಿಲ್ಡ್ ನಿಲ್ಸಿ ಕೆಂಪು ಬಿಡ್ಬೇಕು."

"ಟಿವಿಯಲ್ಲಿ ಹಸಿರದೆಯಲ್ಲ?"

"ಆ ಹಸಿರು ಸುಳ್ಳು."

"ನೋಡು ನೀತಾ, ನಾಳೆ ಗೋವಾದ ಕಂಪನಿಯವ್ರು ಬರ್ತ್ರು. ಎರಡು ವರ್ಷದಿಂದ ಒಂದಿನನೂ ಕೆಂಪಾಗಿಲ್ಲ ಅಂತ ನಾನು ಬರೆದು ಕೊಟ್ಟಾಗದೆ. ಇವತ್ತು ಕೆಂಪು ಮಾಡಿ ನನ್ನ ಮರ್ಯಾದೆ ತೆಗೀತ್ಯಾ? ನಾಳೆ ಸಂಜೆ ಸಾವಕಾಶ ಸರಿ ಮಾಡು."

"ಇವತ್ತು ಸಂಜೆ ಐವತ್ತರ ಗಾಳಿ ಅದೆ ಸರ್! ದೋಣಿ ಇಳೀತವೆ!"

"ಅವ್ರಿಗೆ ಕಣ್ಣಿಲ್ವಾ? ಆಕಾಶ ನೋಡೂಕೆ ಬರುದಿಲ್ವಾ? ನಿನ್ನ ಆಪ್ ಬರೂಕಿಂತ ಮೊದ್ಲು ಅವ್ರು ಮೀನು ಹಿಡೀತಾನೇ ಇರ್ಲಿಲ್ವಾ?"

"ಹಿಡೀತಿದ್ರು. ಆಗ ಅವ್ರಿಗೆ ಸುಳ್ಳು ಹೇಳೂಕೆ ನಾವಿರ್ಲಿಲ್ಲ."

ಅಶೋಕ ಕುರ್ಚಿಗೆ ಒರಗಿ ನಕ್ಕ. ಅಂಥ ನಗು ಕಂಡರೆ ನನಗೆ ಈಗಲೂ ಮೈ ಉರಿಯುತ್ತದೆ. "ನಾವಲ್ಲ, ನೀತಾ. ಆ ಸಾಲು ಬರೆದವಳು ನೀನು. ಅಲ್ಲಿ ನಿನ್ನ ಹೆಸರೇ ಅದೆ. ನಿಂಗೆ ಅಷ್ಟು ಉರಿ ಇದ್ರೆ ಊರಿಗೆಲ್ಲ ನಾನೇ ಹೇಳ್ಲಾ, ಬೊಮ್ಮಯ್ಯನ ಮಗಳು ಬರೆದದ್ದು ಅಂತ?"

ನೀತಾ ತಿರುಗಿ ತನ್ನ ಮೇಜಿಗೆ ಓಡಿದಳು. ತಾನೇ ನಿಲ್ಲಿಸಿದರಾಯಿತು! ಅಷ್ಟರಲ್ಲಿ ಒಳಗಿನಿಂದ ಅಶೋಕ ಕೂಗಿದ, "ಹರೀಶ, ಅವಳ ಪಾಸ್‌ವರ್ಡ್ ತೆಗಿ." ಹರೀಶ ಎರಡು ಕ್ಷಣ ಕೈ ಕಟ್ಟಿ ಕೂತ. ತೋಡೂರಿನಲ್ಲಿ ಅವರ ಗದ್ದೆ ನೌಕಾನೆಲೆಯ ಯೋಜನೆಗೆ ಹೋಗಿತ್ತು, ಮನೆಯ ಐದು ಬಾಯಿಗೆ ಅವನೊಬ್ಬನ ದುಡಿಮೆ. ಆಮೇಲೆ ಕೀಬೋರ್ಡು ಕುಟ್ಟಿದ. ನೀತಾಳ ಪರದೆ ಅವಳನ್ನು ಹೊರಗೆ ಹಾಕಿತು.

"ನನ್ನ ಬೈಬೇಡ ನೀತಕ್ಕ" ಅಂದ ಹರೀಶ, ತಲೆ ಎತ್ತದೆ.

"ಬೈಯುದಿಲ್ಲ. ಬೈಯೂಕೂ ಮನುಷ್ಯ ಅಂತ ಒಬ್ಬ ಎದುರಿಗಿರ್ಬೇಕು" ಎಂದು ಅವಳು ಸ್ಕೂಟಿಯ ಕೀಲಿ ಎತ್ತಿಕೊಂಡಳು.

ಅಪ್ಪನಿಗೆ ಆರು ಸಲ ಫೋನು ಮಾಡಿದಳು. ದೋಣಿ ಇಳಿಸುವ ಹೊತ್ತಿಗೆ ಬೊಮ್ಮಯ್ಯ ಫೋನಿನ ದನಿ ಆರಿಸಿಡುತ್ತಿದ್ದ. ಹಿಂದಿನಿಂದ ಮನುಷ್ಯ ಕರೆಯಬಾರದು ಅಂದಮೇಲೆ ಫೋನು ಕರೆಯಬಹುದೇ? ಕೇಣಿಯಲ್ಲಿ ತಾಯಿಯ ತಮ್ಮ ಕಿಶನ ಇದ್ದ. ಅವನ ಫೋನೂ ಎತ್ತಲಿಲ್ಲ. ಕೇಣಿಯವರು ಮೂರಕ್ಕೇ ಇಳಿಯುತ್ತಾರೆ. ಬಿಣಗಾ ದಾಟಿ, ತೋಡೂರು ದಾಟಿ, ಹೆದ್ದಾರಿಯ ಲಾರಿಗಳ ನಡುವೆ ಅವಳು ಹೇಗೆ ಬಂದಳೋ ಅವಳಿಗೇ ಗೊತ್ತಿಲ್ಲ. ಎಡಗಡೆಯ ಗುಡ್ಡದ ಮೇಲೆ ಬಿಸಿಲು ಹೊಳೆಯುತ್ತಿತ್ತು. ಆಕಾಶ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು, ಅದೇ ಅವಳಿಗೆ ಹೆಚ್ಚು ಹೆದರಿಕೆ ತಂದಿತು. ಈ ಆಕಾಶ ನೋಡಿ ಯಾರು ನಂಬುತ್ತಾರೆ?

ಹಾರವಾಡದ ದಂಡೆಗೆ ಬಂದಾಗ ನಾಲ್ಕಕ್ಕೆ ಹತ್ತು ನಿಮಿಷ ಇತ್ತು. ಹತ್ತೂ ದೋಣಿ ನೀರಿನ ಅಂಚಿಗೆ ಬಂದಿದ್ದವು. ಬೊಮ್ಮಯ್ಯ ಮೊಣಕಾಲುದ್ದ ನೀರಿನಲ್ಲಿ ನಿಂತು, ದೋಣಿಯ ಅಂಚಿಗೆ ಬಲಗೈ ಇಟ್ಟಾಗಿತ್ತು. ಮುಂದಿನಿಂದ ಸುತ್ತಿ ಹೋಗೋಣವೆಂದರೆ ಮುಂದೆ ಸಮುದ್ರ. ಮರಳಿನಲ್ಲಿ ಓಡಿ ಅಷ್ಟು ದೂರ ತಲುಪುವ ಹೊತ್ತಿಗೆ ದೋಣಿ ತೇಲಿರುತ್ತದೆ.

"ಅಪ್ಪಾ!"

ಬೊಮ್ಮಯ್ಯನ ಬೆನ್ನು ಸೆಟೆಯಿತು. ತಿರುಗಲಿಲ್ಲ. ಉಳಿದವರೆಲ್ಲ ತಿರುಗಿದರು.

"ಅಪ್ಪಾ! ಇಳೀಬೇಡ!"

"ಇವಳ ಬಾಯಿಗೆ ಮಣ್ಣು ಹಾಕ!" ಎಂದು ಬೀರಾ ಕೂಗಿದ. "ಹೆಣ್ಣು ಹೆತ್ತು ಕಂಪ್ಯೂಟರ್ ಓದಿಸದ್ದು ಇದಕ್ಕೇನೋ ಬೊಮ್ಮಯ್ಯಾ? ಕಡಲು ಕೆಡಿಸೂಕೆ?" ಇನ್ನೊಬ್ಬ ಅವಳ ಕಾಲ ಬುಡಕ್ಕೆ ಉಗಿದ. ಅವಳು ಒರೆಸಿಕೊಳ್ಳಲೂ ಇಲ್ಲ.

ಬೊಮ್ಮಯ್ಯ ದೋಣಿಯಿಂದ ಕೈ ತೆಗೆದ. ನೀರಿನಿಂದ ಮೇಲೆ ಬಂದು ಅವಳೆದುರು ನಿಂತು, ಪ್ಲಾಸ್ಟಿಕ್ ಚೀಲದ ಫೋನನ್ನು ಅವಳ ಮೂಗಿಗೆ ಹಿಡಿದ. "ಇದು ಎಂತದೆ?"

"ಹಸಿರು."

"ಕೊಟ್ಟವ್ರು ಯಾರು?"

"ಅದು ತಪ್ಪು ಅಪ್ಪ. ಸಂಜೆ ಗಾಳಿ ಬರ್ತದೆ, ನಾ ಓದ್ಕಂಡು ಬಂದೆ. ಕಂಪನಿಯಲ್ಲಿ ಎಂತದೋ ಎಡವಟ್ಟಾಗದೆ."

ಎಂತದೋ! ಕೇಳಿದಿರಾ? ಒಂಬತ್ತನೇ ವಯಸ್ಸಿಗೆ ಪೇಟೆಯ ನಡುವೆ ನಿಂತು ಕಂಡವರ ಬುಟ್ಟಿಯ ಮೀನು ಹಳಸಿದೆ ಎಂದು ಕೂಗಿದವಳಿಗೆ, ತನ್ನ ಬುಟ್ಟಿಯ ಸಂಗತಿ ಬಂದಾಗ ನಾಲಿಗೆ ಹೊರಳಲಿಲ್ಲ. ನಾನೇ ಬರೆದದ್ದು ಅನ್ನುವ ಮಾತು ಅವಳು ಆಡಲಿಲ್ಲ.

"ನಿನ್ನ ಮಾತಿಗಲ್ಲ" ಎಂದ ಬೊಮ್ಮಯ್ಯ, ಹಲ್ಲು ಕಚ್ಚಿ. "ಹಸಿರು ಅನ್ನುವವಳೂ ನೀನೇ, ಅಲ್ಲ ಅನ್ನುವವಳೂ ನೀನೇ. ಯಾವ ನೀತಾನ ನಂಬುದು? ಹಿಂದಿಂದ ಕರೆದೆ, ಇವತ್ತಿನ ಕಡಲು ಕೆಟ್ತು, ಅದಕ್ಕೆ ಹೋಗುದಿಲ್ಲ. ಎಳೀರೋ ಮೇಲೆ." ಹತ್ತು ದೋಣಿಯವರೂ ಬೈಯುತ್ತಲೇ ಎಳೆದರು. ಮನೆಗೆ ಹೋಗುವಾಗ ಅಪ್ಪ ಅವಳಿಗಿಂತ ಇಪ್ಪತ್ತು ಮಾರು ಮುಂದೆ ನಡೆದ.

ಗಾಳಿ ಬಂತು. ಏಳೂವರೆಗೆ ಶುರುವಾಗಿ ನಾಲ್ಕು ತಾಸು ಹೊಡೆಯಿತು, ದಂಡೆಯ ತೆಂಗು ಮೂರು ಉರುಳಿದವು. ಬೆಳಿಗ್ಗೆ ಕೇಣಿಯಿಂದ ಸುದ್ದಿ ಬಂತು: ಕಿಶನನ ದೋಣಿ ಮಗುಚಿದೆ. ಅವನೂ ಇನ್ನಿಬ್ಬರೂ ಎಣ್ಣೆಯ ಖಾಲಿ ಡಬ್ಬಿ ಹಿಡಿದು ಈಜಿ ಬದುಕಿದ್ದಾರೆ, ಕಿಶನನ ಬಲಗೈ ಎರಡು ಕಡೆ ಮುರಿದಿದೆ. ದೋಣಿ, ಬಲೆ ಎಲ್ಲ ಕಡಲ ಪಾಲು. ಹಾರವಾಡದಲ್ಲಿ ನೀತಾಳಿಗೆ ಒಬ್ಬರೂ ಬಂದು ಒಳ್ಳೆಯದಾಯಿತು ಮಗಾ ಅನ್ನಲಿಲ್ಲ. ಬೀರಾ ಅವಳನ್ನು ಕಂಡು ದಾರಿ ಬದಲಿಸಿದ. ಕಾಶಿ ತಮ್ಮನನ್ನು ನೋಡಲು ಕೇಣಿಗೆ ಹೋದಳು. ಹೊರಡುವ ಮುಂಚೆ ಒಂದೇ ಮಾತು ಕೇಳಿದಳು. "ಅವನ ಫೋನಲ್ಲೂ ಹಸಿರು ಇತ್ತನೆ?"

"ಇತ್ತು. ಹೋದದ್ದು ಮೊನ್ನೆ ಗಾಳಿ, ತಾರೀಕು ಮಾತ್ರ ನಿನ್ನೇದು."

"ನಿಲ್ತದೆ ಅಂತ ಹೇಳಿದ್ಯಲ್ಲೆ ನೀನು? ಒಬ್ಬ ಬಿದ್ರೆ ಎಲ್ಲಾ ನಿಲ್ತದೆ ಅಂತ?"

ಕಾಶಿ ಹೋದಳು.

ಅವಳು ಅವತ್ತು ಕೆಲಸಕ್ಕೆ ಹೋದದ್ದು ಯಾಕೆಂದು ಕೇಳುತ್ತೀರಿ. ಎರಡಕ್ಕೆ ಮತ್ತೆ ಬಿಲ್ಡ್ ಓಡುತ್ತದಲ್ಲ! ಒಂಬತ್ತು ಅಂಕಣದ ಪಟ್ಟಿ ಹಾಗೇ ಇತ್ತು, ಎರಡನೇ ಸ್ಕ್ರಿಪ್ಟು ಮತ್ತೆ ಬೀಳುತ್ತಿತ್ತು, ಬುಧವಾರದ ಗಾಳಿ ಶುಕ್ರವಾರದ ತಾರೀಕಿನಲ್ಲಿ ಮತ್ತೆ ಹೋಗುತ್ತಿತ್ತು. ಬಂದ ಗಾಳಿ ಬಂದಷ್ಟೇ ಬೇಗ ಹೋಗಿತ್ತು, ಕೆಟ್ಟ ದಿನದ ನಷ್ಟ ತುಂಬಿಕೊಳ್ಳಲು ಊರೆಲ್ಲ ಮಧ್ಯಾಹ್ನದ ಬಾವುಟ ಕಾಯುತ್ತಿತ್ತು. ಅವಳು ಬೆಳಿಗ್ಗೆಯಿಂದ ಅಶೋಕನ ಬಾಗಿಲಲ್ಲಿ ನಿಂತಳು. ಬೇಡಿದಳು, ಬೈದಳು, ಮತ್ತೆ ಬೇಡಿದಳು. "ಗೋವಾದವ್ರು ಹೋಗೂವರೆಗೆ ಬಾಯಿ ಮುಚ್ಚು, ಇಲ್ಲಾಂದ್ರೆ ಮೆಟ್ಟಿಲಿಳಿ" ಅಂದ ಅವನು.

ಒಂದೂ ಕಾಲಿಗೆ ಗೋವಾದ ಇಬ್ಬರು ಬಂದರು. ಅಶೋಕ ಟಿವಿ ತೋರಿಸಿ, ಎರಡು ವರ್ಷದ ಹಸಿರನ್ನು ಹೊಗಳುತ್ತಿದ್ದ. ಆಗ ಮೆಟ್ಟಿಲ ಮೇಲೆ ಬಳೆಯ ಸದ್ದಾಯಿತು.

ಕಾಶಿ ಬಂದಳು. ಕೇಣಿಯಿಂದ ನೇರ ಅಂಕೋಲೆ ಪೇಟೆಗೆ ಹೋಗಿ, ಅಲ್ಲಿಂದ ಬಸ್ಸು ಹತ್ತಿದ್ದಳು. ಹಿಂದೆ ಮಂಜಿ, ಅವಳ ಹಿಂದೆ ಇನ್ನೂ ನಾಲ್ವರು ಮೀನಿನವರು, ತಲೆಯ ಮೇಲೆ ಬುಟ್ಟಿ ಹಾಗೇ ಇತ್ತು. ಕೋಣೆಯ ತುಂಬ ಮೀನಿನ ವಾಸನೆ. ಕಾಶಿ ಬುಟ್ಟಿ ಇಳಿಸಿ, ಒಂದು ಬಂಗಡೆ ಎತ್ತಿ ಅಶೋಕನ ಮೇಜಿನ ಮೇಲೆ, ಗೋವಾದವರ ಕಾಗದಗಳ ಮೇಲೆಯೇ ಇಟ್ಟಳು. ಮೇಲೊಂದು ಹಿಡಿ ಬರ್ಫ ಹಾಕಿದಳು.

"ಇದು ನಿನ್ನೇದು, ಸಾಹೇಬ. ಬರ್ಫ ಇವತ್ತಿಂದು. ತಿನ್ನು."

"ಯಾರ್ರೀ ನೀವು? ಎಂಥ ಗಲಾಟೆ ಇದು?"

"ತಿನ್ನೋ!" ಎಂದು ಮಂಜಿ ಬಾಗಿಲಲ್ಲಿ ಗುಡುಗಿದಳು. "ಅವಳ ತಮ್ಮ ತಿಂದಾಗದೆ. ಕೈ ಮುರಕಂಡು ಬಿದ್ದ. ನಿಂಗೆ ಎಂತ ಆಗ್ತದೆ ನೋಡ್ವ!"

ಗೋವಾದವರು ಕುರ್ಚಿ ಹಿಂದೆ ಸರಿಸಿದರು. ಅಶೋಕನ ಮುಖ ಕೆಂಪಾಯಿತು. ಆಮೇಲೆ ಅವನಿಗೆ ತನ್ನ ಕೈಯಲ್ಲಿರುವ ಕತ್ತಿ ನೆನಪಾಯಿತು. ಟಿವಿಯ ಮೇಲೆ ಹಸಿರು ಹೋಗಿ, ಸ್ಕ್ರಿಪ್ಟಿನ ಇತಿಹಾಸ ಬಂತು. "ನನ್ನ ಬೈಬೇಡ ಅಮ್ಮ. ಬಿಲ್ಡ್ ನಿಲ್ಲದ ಹಾಗೆ ಮಾಡದ್ದು ಈ ಸಾಲು. ಬರೆದವ್ರ ಹೆಸರು ಪಕ್ಕದಲ್ಲೇ ಅದೆ, ನೋಡು."

ಕಾಶಿಗೆ ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಅವಳು ಮಗಳ ಕಡೆ ತಿರುಗಿದಳು. "ಎಂತ ಬರೆದದೆ ಅದು? ನೀ ಓದು."

ಓಡಿಹೋಗಲು ನೀತಾಳಿಗೆ ದಾರಿ ಇರಲಿಲ್ಲ. ಬಾಗಿಲಲ್ಲಿ ಐದು ಬುಟ್ಟಿ ನಿಂತಿದ್ದವು. "ನೀತಾ ಬೊಮ್ಮಯ್ಯ ಹರಿಕಂತ್ರ" ಎಂದು ಓದಿದಳು.

"ಹೆಸರಲ್ಲ. ಸಾಲು."

"ಏನೇ ಆದ್ರೂ... ಎಲ್ಲ ಸರಿ ಅದೆ ಅಂತ ಹೇಳು, ಮುಂದೆ ಹೋಗು."

ಹದಿನಾರು ವರ್ಷದ ಹಿಂದಿನ ಆ ಮಾಸ್ತರರ ಸಂಗತಿ ಮಂಜಿಗೆ ನೆನಪಾಗದೆ ಇರುತ್ತದೆಯೇ? ಒಂದು ಮಾತು ಎತ್ತಿ ಆಡಿದ್ದರೂ ಸಲ್ಲುತ್ತಿತ್ತು. ಆಡಲಿಲ್ಲ, ಮುಖ ಆಚೆ ತಿರುಗಿಸಿಕೊಂಡಳು. ನೀತಾಳಿಗೆ ಅದು ಬೈಗುಳಕ್ಕಿಂತ ಹೆಚ್ಚು ಸುಟ್ಟಿತು.

ಕಾಶಿ ಅಶೋಕನ ಮೇಜಿನಿಂದ ಬಂಗಡೆ ಎತ್ತಿದಳು. ನೀರು ತೊಟ್ಟಿಕ್ಕಿಸುತ್ತ ನಾಲ್ಕು ಹೆಜ್ಜೆ ನಡೆದು, ಅದನ್ನು ಮಗಳ ಮೇಜಿನ ಮೇಲೆ, ಕೀಬೋರ್ಡಿನ ಪಕ್ಕ ಇಟ್ಟಳು. "ಇದು ನಿಂದು" ಅಂದಳು. ಬುಟ್ಟಿ ತಲೆಗೇರಿಸಿ ಮೆಟ್ಟಿಲಿಳಿದಳು. ಆಯಿ ಎಂದು ಕರೆಯಬೇಕು ಅನ್ನಿಸಿತು ನೀತಾಳಿಗೆ. ಕರೆಯಲಿಲ್ಲ.

ಗೋವಾದವರು ಒದ್ದೆ ಕಾಗದ ಒರೆಸಿಕೊಂಡು, ಆಮೇಲೆ ಫೋನು ಮಾಡುತ್ತೇವೆ ಎಂದು ಹೋದರು. ಅವರು ಮಾಡುವುದಿಲ್ಲ ಎಂದು ಪೇಂಟಿನ ಅಂಗಡಿಯವನಿಗೂ ಗೊತ್ತಿತ್ತು. "ಸಮಾಧಾನ ಆಯ್ತಾ?" ಎಂದು ಅಶೋಕ ಕಿರುಚಿದ. "ನನ್ನ ಮನೆ ಹಾಳು ಮಾಡಿದ್ಯಲ್ಲ, ಸಮಾಧಾನ ಆಯ್ತಾ? ನಾಳೆಯಿಂದ ಬರೂಕೆ ಬೇಡ!" ಬಾಗಿಲು ಬಡಿದು ಒಳಗೆ ಹೋದ.

ಗಂಟೆ ಎರಡಕ್ಕೆ ಎಂಟು ನಿಮಿಷ ಇತ್ತು. ಹರೀಶ ಎದ್ದು ಬಂದು, ನೀತಾಳ ಮೇಜಿಗೆ ಬಗ್ಗಿ ಏನೋ ಕುಟ್ಟಿದ. ಪರದೆ ಅವಳನ್ನು ಒಳಗೆ ಬಿಟ್ಟಿತು. ಅವನು ಒಂದು ಮಾತೂ ಆಡದೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ.

ಅವಳು ಆ ಸಾಲನ್ನು ಅಳಿಸಿದಳು. ಒಂದು ಕಡೆಯಲ್ಲ, ಹನ್ನೊಂದು ಕಡೆ. ಪ್ರತಿ ಸಲವೂ ಪಕ್ಕದಲ್ಲಿ ತನ್ನ ಹೆಸರು ಕಾಣುತ್ತಿತ್ತು. ಒಂಬತ್ತು ಅಂಕಣ ಓದುವುದನ್ನು ಅದಕ್ಕೆ ಕಲಿಸುವಷ್ಟು ಹೊತ್ತಿರಲಿಲ್ಲ. ಅದು ನಾಳೆಯ ಕೆಲಸ, ಅವಳದೋ ಇನ್ನೊಬ್ಬರದೋ. ಇವತ್ತು ನಿಂತರೆ ಸಾಕು. ಬೆರಳಿಗೆಲ್ಲ ಮೀನಿನ ನೀರು ಹತ್ತಿತ್ತು.

ಎರಡು ಹೊಡೆಯಿತು. ಮೊದಲನೆಯದು ಹಸಿರು. ಎರಡನೆಯದು ಕೆಂಪು. ಉಳಿದ ಒಂಬತ್ತು ಬೂದು ಬಣ್ಣದಲ್ಲಿ ಹಾಗೇ ನಿಂತವು. ಎರಡು ವರ್ಷದ ಮೇಲೆ 'ಬಾವುಟ' ನಿಂತಿತು.

ಫೋನು ಬಡಿದುಕೊಳ್ಳತೊಡಗಿತು. ಕೇಣಿಯವರು, ಹಾರವಾಡದವರು, ಕಾರವಾರದವರು. ಒಬ್ಬ ಹಾಳಾಗಿ ಹೋಗು ಅಂದ, ಒಬ್ಬಳು ನಿನ್ನ ಹೊಟ್ಟೆ ಉರಿಯಲಿ ಅಂದಳು. ಎಲ್ಲರಿಗೂ ನೀತಾ ಒಂದೇ ಉತ್ತರ ಕೊಟ್ಟಳು. "ಇವತ್ತಿನ ಸುದ್ದಿ ನಮ್ಮ ಹತ್ರ ಇಲ್ಲ. ಗೊತ್ತಿಲ್ದೆ ಇಳೀಬೇಡಿ."

ಒಂಬತ್ತನೇ ಕರೆ ಬೊಮ್ಮಯ್ಯನದು. ಹಿಂದೆ ಅಲೆಯ ಸದ್ದಿತ್ತು. "ಎಂತದೇ ಇದು, ಕೆಂಪು? ಎಲ್ಲಾ ದೋಣಿ ತಯಾರಾಗಿ ನಿಂತವೆ."

"ಅಪ್ಪ, ನಿನ್ನೆ ನಾ ಪೂರಾ ಹೇಳಲಿಲ್ಲ. ಆ ಸುಳ್ಳು ಹಸಿರು ಬರೂ ಹಾಗೆ ಮಾಡದ್ದು ನಾನೇ. ನನ್ನ ಕೈಯಿಂದಲೇ. ಕಿಶನ ಮಾಮನ ಕೈ ಮುರದದ್ದೂ ಅದ್ರಿಂದ್ಲೇ. ಇವತ್ತು ಅದನ್ನ ತೆಗೆದು ಹಾಕ್ದೆ." ಉಸಿರು ಎಳೆದುಕೊಂಡಳು. "ಇನ್ಮೇಲೆ ಕೆಂಪು ಕಂಡ್ರೆ, ನಾ ಹಿಂದಿಂದ ಕರೆದೆ ಅಂತ ತಿಳ್ಕ."

ಬೊಮ್ಮಯ್ಯ ಬೈದ. ಅಜ್ಜಿಯ ಕಾಲದ ಬೈಗುಳ, ಇಲ್ಲಿ ಬರೆಯುವಂಥದ್ದಲ್ಲ. ಅವಳಿಗೆ, ಅವಳ ಕಂಪ್ಯೂಟರಿಗೆ, ಅವಳನ್ನು ಓದಿಸಿದ ತನಗೆ, ಮೂರಕ್ಕೂ ಸೇರಿಸಿ ಬೈದ. ಬೈದು ಮುಗಿಸಿ ಫೋನು ಬಾಯಿಂದ ದೂರ ಹಿಡಿದು, ದಂಡೆಯವರಿಗೆ ಕೂಗಿದ್ದು ಅವಳಿಗೆ ಸ್ಪಷ್ಟವಾಗಿ ಕೇಳಿತು.

"ಏ ಬೀರಾ, ಎಳೀರೋ ಮೇಲೆ! ನೀತಾ ಕರೆದಾಳೆ."